ನೀಟ್ ಕೈಕೊಟ್ಟಿತು, ಪುಣೆಯಲ್ಲಿ ಜೀವವಿಜ್ಞಾನ ಓದಿಸಬಹುದೇ?

ಮಗಳಿಗೆ ವೈದ್ಯಕೀಯ ಸೀಟು ಸಿಗಲಿಲ್ಲ, ಪುಣೆಯಲ್ಲೇ ಜೀವವಿಜ್ಞಾನ ಓದಿಸಿದರೆ ಹೇಗೆ ಎಂದು ಕೇಳಿದ್ದೀರಿ. ಧಾರವಾಡದಿಂದ ಬಂದು ಇದೇ ಊರಿನಲ್ಲಿ ಇದನ್ನೇ ಓದಿದವಳು ನಾನು. ಮೊದಲು ಮಗಳನ್ನೇ ಕೇಳಿ: ಆಕೆಗೆ ರೋಗಿಯನ್ನು ಗುಣಪಡಿಸುವ ಆಸೆಯೋ, ರೋಗ ಹೇಗೆ ಹುಟ್ಟುತ್ತದೆ ಎಂಬ ಕುತೂಹಲವೋ? ಆಸೆ ಮೊದಲನೆಯದಾದರೆ ಈ ದಾರಿ ಬೇಡ. ಕೆಲವು ಕೋರ್ಸ್‌ಗಳಿಗೆ ಬಯೋಮೆಡಿಕಲ್ ಎಂಬ ಹೆಸರಿದ್ದರೂ ಜೀವವಿಜ್ಞಾನದ ಪದವಿ ಯಾರನ್ನೂ ವೈದ್ಯರನ್ನಾಗಿಸುವುದಿಲ್ಲ.

ಕುತೂಹಲವೇ ದೊಡ್ಡದಾದರೆ ಪಾಷಾಣದಲ್ಲಿರುವ ಐಸರ್, ಅಂದರೆ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯನ್ನು ನೋಡಿ (ಬಡಾವಣೆಯ ಹೆಸರು ಕೇಳಿ ಕನ್ನಡಿಗರು ಹೆದರಬೇಕಿಲ್ಲ, ಅಲ್ಲಿ ವಿಷವೇನೂ ಇಲ್ಲ). 2006ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಪದವಿ, ಸ್ನಾತಕೋತ್ತರ ಎರಡೂ ಸೇರಿದ 5 ವರ್ಷಗಳ ಬಿಎಸ್-ಎಂಎಸ್ ಇದೆ. ಪ್ರವೇಶಕ್ಕೆ ನೀಟ್ ಅಲ್ಲ, ಐಎಟಿ (ಐಸರ್ ಆಪ್ಟಿಟ್ಯೂಡ್ ಟೆಸ್ಟ್) ಎಂಬ ಬೇರೆಯದೇ ಪರೀಕ್ಷೆ. ಜೀವವಿಜ್ಞಾನದಷ್ಟೇ ಭೌತ, ರಸಾಯನ, ಗಣಿತದ ಪ್ರಶ್ನೆಗಳೂ ಇರುತ್ತವೆ. ನೀಟ್‌ಗೆಂದು ಗಣಿತ ಕೈಬಿಟ್ಟವರು ಎಡವುವುದು ಇಲ್ಲೇ. ಒಳಗೆ ಹೋದ ಮೇಲೂ ಆರಂಭದಲ್ಲಿ ಎಲ್ಲ ವಿಜ್ಞಾನಗಳನ್ನೂ ಓದಲೇಬೇಕು. ಕೊನೆಯ ವರ್ಷ ಬಹುಪಾಲು ಸಂಶೋಧನೆ.

ಅಲ್ಲಿ ಸಿಗದಿದ್ದರೆ 3 ವರ್ಷಗಳ ಬಿಎಸ್ಸಿಯೂ ಆದೀತು, ಪ್ರಯೋಗಾಲಯ ಚೆನ್ನಾಗಿರುವ ಕಾಲೇಜಾಗಿರಲಿ. ಆದರೆ ಬರೀ ಬಿಎಸ್ಸಿಗೆ ಸಂಬಳ ಕಡಿಮೆ. ಎಂಎಸ್ಸಿ, ಬಹುಶಃ ಪಿಎಚ್‌ಡಿಯವರೆಗೆ ಕಾಯುವ ತಾಳ್ಮೆ ಮನೆಯವರಿಗೂ ಬೇಕು.