ಸಂಪಾದಕರ ಉತ್ತರ: ಕ್ಯಾಮೆರಾ ಇತ್ತು, ಕಳ್ಳನ ಮುಖ ಇರಲಿಲ್ಲ

ಕಲಬುರಗಿಯ ಗಂಜ್‌ನಿಂದ ತೊಗರಿಬೇಳೆ ವ್ಯಾಪಾರಿಯೊಬ್ಬರು ಪತ್ರ ಬರೆದಿದ್ದಾರೆ. ಅಂಗಡಿ ಮುಂದೆ ನಿಲ್ಲಿಸಿದ್ದ ಬೈಕ್ ರಾತ್ರಿ ಕಳುವಾಗಿದೆ. ಮೇಲಿನ ಮಹಡಿಯ ಕ್ಯಾಮೆರಾದಲ್ಲಿ ಎಲ್ಲಾ ರೆಕಾರ್ಡ್ ಆಗಿದೆ, ಆದರೆ ಕಳ್ಳನ ಮುಖ ಬರೀ ಬಿಳಿ ಮಚ್ಚೆ. ಠಾಣೆಯಲ್ಲಿ ಜೂಮ್ ಮಾಡಿದಷ್ಟೂ ಇನ್ನೂ ಮಸುಕು. "2 ಮೆಗಾಪಿಕ್ಸೆಲ್ ತೆಗೆದು 4ಕೆ ಹಾಕಿಸಿದರೆ ಸರಿಹೋಗುತ್ತಾ?" ಅಂತ ಕೇಳಿದ್ದಾರೆ.

ಸಾಹುಕಾರ್ರೇ, ದುಡ್ಡು ಬಿಚ್ಚುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ನಿಮ್ಮ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕೆ, ಅಂದರೆ ಪಿಕ್ಸೆಲ್. ಲೆನ್ಸ್ 2.8 ಎಂಎಂ ಅಂತ ಬರೆದಿದ್ದೀರಿ. ಆ ಲೆನ್ಸ್ 10 ಮೀಟರ್ ದೂರದಲ್ಲಿ ಸುಮಾರು 26 ಮೀಟರ್ ಅಗಲದ ರಸ್ತೆಯನ್ನು ಒಂದೇ ಚೌಕಟ್ಟಿಗೆ ತುರುಕುತ್ತದೆ. ಮೀಟರಿಗೆ 74 ಪಿಕ್ಸೆಲ್ ಬಂತು. ಮನುಷ್ಯನ ಮುಖ ಹೆಚ್ಚುಕಡಿಮೆ 16 ಸೆಂಟಿಮೀಟರ್ ಅಗಲ, ಅದರ ಪಾಲಿಗೆ ಸಿಗುವುದು 12 ಪಿಕ್ಸೆಲ್. ಹನ್ನೆರಡು ಚುಕ್ಕೆಯಲ್ಲಿ ಯಾರ ಮೂಗು ಯಾರದ್ದು ಅಂತ ಹೇಳುವುದು? ಜೂಮ್ ಮಾಡಿದರೆ ಅದೇ ಹನ್ನೆರಡು ದೊಡ್ಡದಾಗುತ್ತವೆ, ಹದಿಮೂರನೆಯದು ಬರುವುದಿಲ್ಲ.

ಕ್ಯಾಮೆರಾ ಕೂರಿಸುವವರಿಗೆ ಐಇಸಿ 62676-4 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ 2014ರ ಆವೃತ್ತಿಯ ಪ್ರಕಾರ, ಯಾರೋ ಬಂದರು ಅಂತ ತಿಳಿಯಲು ಮೀಟರಿಗೆ 25 ಪಿಕ್ಸೆಲ್ ಸಾಕು. ನೋಡಿ ಗೊತ್ತಿದ್ದವರ ಗುರುತು ಹತ್ತಲು 125 ಬೇಕು. ಮುಂಚೆ ನೋಡೇ ಇಲ್ಲದವನನ್ನು ಇವನೇ ಅಂತ ಹೇಳಬೇಕಾದರೆ 250. ಈಗ ಅದೇ ಜಾಗದಲ್ಲಿ, ಅದೇ ಲೆನ್ಸಿನ 4ಕೆ ಹಾಕಿದಿರಿ ಅಂದುಕೊಳ್ಳಿ. ಅದರ ಚಿತ್ರ ಅಡ್ಡಕ್ಕೆ 3840 ಪಿಕ್ಸೆಲ್, ಅದನ್ನು 26ರಿಂದ ಭಾಗಿಸಿ, ಮೀಟರಿಗೆ ಸುಮಾರು 148. ದುಡ್ಡು ಹೋಯ್ತು, ಕಳ್ಳನ ಮುಖ ಇನ್ನೂ ಸಿಗಲಿಲ್ಲ! ಅದರ ಬದಲು ಇದೇ 2 ಮೆಗಾಪಿಕ್ಸೆಲ್‌ನ ಇನ್ನೊಂದು ಕ್ಯಾಮೆರಾಕ್ಕೆ 12 ಎಂಎಂ ಲೆನ್ಸ್ ಹಾಕಿಸಿ, ತಲೆಗಿಂತ ಸ್ವಲ್ಪ ಮೇಲೆ ಕೂರಿಸಿ ಬೈಕ್ ನಿಲ್ಲಿಸುವ ಜಾಗಕ್ಕೇ ತಿರುಗಿಸಿದರೆ, 10 ಮೀಟರ್‌ನಲ್ಲಿ 5 ಮೀಟರ್ ಅಗಲವಷ್ಟೇ ಕಾಣುತ್ತದೆ, ಮೀಟರಿಗೆ 380ರ ಹತ್ತಿರ ಪಿಕ್ಸೆಲ್ ಸಿಗುತ್ತವೆ.

ಹಾಗಂತ ಮೇಲಿನ ಕ್ಯಾಮೆರಾ ಕಿತ್ತು ಬಿಸಾಡಬೇಡಿ. ಕಳ್ಳ ಯಾವ ಕಡೆಯಿಂದ ಬಂದ, ಎಷ್ಟು ಜನ ಇದ್ದರು, ಯಾವ ಕಡೆ ಹೋದರು ಅನ್ನುವುದು ಅದರಲ್ಲೇ ಸಿಗೋದು. ಶರಣಬಸವೇಶ್ವರ ಜಾತ್ರೆಯಲ್ಲೋ ಬಂದೇ ನವಾಜ್ ಉರುಸಿನಲ್ಲೋ ಜನ ಎಲ್ಲಿ ಒತ್ತರಿಸುತ್ತಿದ್ದಾರೆ ಅಂತ ನೋಡಬೇಕಾದ ಪೊಲೀಸರಿಗೂ ಇಂಥ ಅಗಲ ನೋಟವೇ ಬೇಕು, ಅಲ್ಲಿ ಯಾರ ಮುಖ ಕಟ್ಟಿಕೊಂಡು ಏನು ಮಾಡ್ತೀರಿ?

ರಾತ್ರಿಯ ಮಾತು ಬೇರೆ. ಬೆಳಕು ಕಮ್ಮಿಯಾದಾಗ ಕ್ಯಾಮೆರಾ ಶಟರ್ ಹೆಚ್ಚು ಹೊತ್ತು ತೆರೆದಿಡುತ್ತದೆ, ಸೆಕೆಂಡಿನ 25ನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದ ಬೈಕ್ ಅಷ್ಟರಲ್ಲಿ 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ನಂಬರ್ ಪ್ಲೇಟ್ ಗೀಚಿದ ಹಾಗೆ ಕಾಣೋದು ಅದಕ್ಕೇ. ಮೇಲೆ ಆ ಹೊಸ ಹೊಳೆಯುವ ಪ್ಲೇಟಿಗೆ ಕ್ಯಾಮೆರಾದ ಐಆರ್ (ಕಣ್ಣಿಗೆ ಕಾಣದ ಅವಗೆಂಪು) ಬೆಳಕು ನೇರ ಬಡಿದರೆ ಅಕ್ಷರ ಕಾಣದೆ ಬರೀ ಬೆಳ್ಳಗೆ ಬರಬಹುದು. ಅಂಗಡಿ ಮುಂದೆ ಒಂದು ಒಳ್ಳೆ ಎಲ್‌ಇಡಿ ಬಲ್ಬ್ ಹಾಕಿ, 4ಕೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಗಾಜನ್ನೂ ಒರೆಸಿ. ದಾಲ್ ಮಿಲ್ಲಿನ ಧೂಳು ಮೆತ್ತಿಕೊಂಡು, ಅದರ ಮೇಲೆ ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ಆ ಬಲೆಯೇ ರೆಕಾರ್ಡ್ ಆಗ್ತಿರುತ್ತದೆ.

ಇನ್ನು ಹಾರ್ಡ್ ಡಿಸ್ಕ್. ನಿಮ್ಮ ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ, "ತಿಂಗಳು ಬರುತ್ತೆ" ಅಂತ ಹಾಕಿದವನು ಹೇಳಿದನಂತೆ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಜಿಬಿ ಬೇಕು, ನಾಲ್ಕಕ್ಕೆ ಆರು ದಿನವೂ ತುಂಬುವುದಿಲ್ಲ. ತಿಂಗಳು ಬರ್ತಿದೆ ಅಂದರೆ ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಮೆಗಾಬಿಟ್) ಹಿಂಡಿದ್ದಾನೆ, ಇಲ್ಲಾ ಫ್ರೇಮ್ (ಸೆಕೆಂಡಿಗೆ ತೆಗೆಯುವ ಚಿತ್ರಗಳು) ಕಮ್ಮಿ ಮಾಡಿದ್ದಾನೆ, ಸೆಟ್ಟಿಂಗ್ ತೆಗೆದು ನೋಡಿ. ಜನ ಜಾಸ್ತಿ ಸೇರುವ ಜಾಗಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯ ಇಡಬೇಕು ಅನ್ನುತ್ತದೆ. ಆ 30 ದಿನ ತೋರಿಸೋದಕ್ಕೇ ಎಷ್ಟೋ ಕಡೆ ಚಿತ್ರವನ್ನು ಹಿಂಡಿ ಹಿಪ್ಪೆ ಮಾಡಿರುತ್ತಾರೆ. ದೊಡ್ಡ ಡಿಸ್ಕ್ ಹಾಕಿಸೋದೇ ದಾರಿ.

ಪತ್ರದಲ್ಲಿ ನನಗೆ ಸಿಟ್ಟು ಬರಿಸಿದ್ದು ಒಂದೇ ಮಾತು. ಮಾನಿಟರನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಠಾಣೆಗೆ ಕಳಿಸಿದ್ದೀರಿ! ಇದ್ದ ಹನ್ನೆರಡು ಚುಕ್ಕೆಯನ್ನೂ ಎರಡು ಸಲ ಕಳೆದ ಹಾಗಾಯಿತು. ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಿಂದ ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಿ, ಅದು ಓಡಲು ಬೇಕಾದ ಪ್ಲೇಯರ್ ಸಮೇತ ಕೊಡಬೇಕು. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಫೈಲಿನ ಹ್ಯಾಶ್ (ಫೈಲ್ ತಿದ್ದಿಲ್ಲ ಅಂತ ತೋರಿಸುವ ಸಂಕೇತ) ಎರಡೂ ಕೇಳುತ್ತಾರೆ. ಡಿವಿಆರ್ ಗಡಿಯಾರ 40 ನಿಮಿಷ ಮುಂದಿದೆ ಅಂದಿದ್ದೀರಲ್ಲ, ಆ ವ್ಯತ್ಯಾಸವನ್ನೂ ಬರೆದುಕೊಡಿ, ಆಮೇಲೆ ಗಡಿಯಾರ ಸರಿಮಾಡಿ.

ಕಳುವಾದ ರಾತ್ರಿಯ ದೃಶ್ಯ ಇನ್ನೂ ಡಿಸ್ಕಿನಲ್ಲಿದ್ದರೆ ಇವತ್ತೇ ಇಳಿಸಿಕೊಳ್ಳಿ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ, ನಿಮ್ಮನ್ನೇನೂ ಕೇಳುವುದಿಲ್ಲ.