ಅಳಿವೆಯ ಹೊರಗೆ ದೋಣಿಗಳು ಕಾಯುವುದೇಕೆ?

ಪ್ರಶ್ನೆ: ನದಿ ಸಮುದ್ರ ಸೇರುವ ಅಳಿವೆಯ ಒಳಗಿರುವ ಬಂದರುಗಳಿಗೆ ಬರುವ ದೋಣಿಗಳು, ದೋಣಿ ಕಟ್ಟುವ ಕಟ್ಟೆಯಾದ ದಕ್ಕೆ ಕಣ್ಣಿಗೆ ಕಾಣುತ್ತಿದ್ದರೂ ಗಂಟೆಗಟ್ಟಲೆ ಹೊರಗೇ ನಿಲ್ಲುವುದುಂಟು. ಒಳಬರುವ ಹೊತ್ತೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಇದಕ್ಕೆ ಕಾರಣವೇನು?

ಉತ್ತರ: ನದಿ ಹೊತ್ತು ತಂದ ಮರಳು, ಸಮುದ್ರ ಸೇರುವಲ್ಲಿ ಹರಿವಿನ ವೇಗ ಕುಗ್ಗುವುದರಿಂದ, ಅಳಿವೆಯ ಬಾಯಲ್ಲೇ ತಂಗುತ್ತದೆ. ಅಲೆಗಳು ದಡದುದ್ದಕ್ಕೂ ಸರಿಸಿ ತರುವ ಮರಳೂ ಅದಕ್ಕೆ ಸೇರಿ ನೀರಿನಡಿಯಲ್ಲಿ ಅಡ್ಡಲಾಗಿ ದಿಬ್ಬವೊಂದು ಬೆಳೆಯುತ್ತದೆ. ಇಳಿತದ ವೇಳೆ ಅದರ ಮೇಲೆ ದೋಣಿ ತೇಲುವಷ್ಟು ನೀರೂ ಉಳಿಯದಿರಬಹುದು.

ಆದರೆ ಆಳದ ಕೊರತೆಗಿಂತ ದೊಡ್ಡ ಅಪಾಯ ಬೇರೆಯಿದೆ. ಇಳಿತದಲ್ಲಿ ರಭಸದಿಂದ ಹೊರಹರಿಯುವ ನೀರು ಒಳಬರುವ ಅಲೆಗಳಿಗೆ ಎದುರಾದಾಗ, ಅಲೆಗಳ ನಡುವಿನ ಅಂತರ ಕುಗ್ಗಿ, ಎತ್ತರ ಹೆಚ್ಚಿ, ಅವು ಕಡಿದಾಗಿ ಎದ್ದು ದಿಬ್ಬದ ಮೇಲೆ ಒಡೆಯುತ್ತವೆ. ಕಡಲಿನಿಂದ ಬರುವವರಿಗೆ ಅವುಗಳ ನುಣುಪಾದ ಬೆನ್ನಷ್ಟೇ ಕಾಣುತ್ತದೆ. ಒಡೆಯುವ ಮುಖವಿರುವುದು ದಡದ ಕಡೆಗೆ. ಹೀಗೆ ಶಾಂತವಾಗಿ ತೋರಿದ ಅಳಿವೆಗೆ ನುಗ್ಗಿದ ದೋಣಿಯ ಹಿಂಭಾಗವನ್ನು ಅಂಥ ಅಲೆ ಎತ್ತಿದರೆ, ಚುಕ್ಕಾಣಿಯ ಹಿಡಿತ ತಪ್ಪಿ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಹೊಡೆತಕ್ಕೆ ಮಗುಚಲೂಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳೆರಡೂ ಬಿರುಸಾಗಿರುವುದರಿಂದ, ನದಿಯಲ್ಲಿ ನೆರೆಯೂ ಇದ್ದರೆ ಆ ಇಳಿತದಲ್ಲಿ ಒಳಬರುವ ಯೋಚನೆಯನ್ನೇ ಮಾಡಬಾರದು. ಉಬ್ಬರದ ಕೊನೆಯ ಭಾಗದಲ್ಲಿ ಆಳವೂ ಸಿಗುತ್ತದೆ, ಸೆಳೆತವೂ ತಗ್ಗಿರುತ್ತದೆ. ದಡ ಕಂಡ ಮೇಲೂ ಆ ಹೊತ್ತಿಗಾಗಿ ಕಾಯುವ ತಾಂಡೇಲನ (ದೋಣಿ ನಡೆಸುವ ಮುಖ್ಯಸ್ಥನ) ತಾಳ್ಮೆಯನ್ನು ಅಳುಕೆಂದು ತಿಳಿಯುವುದು ಅನ್ಯಾಯ.

ಹೊತ್ತು ಬದಲಾಗುವುದು ಚಂದ್ರನಿಂದ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಮುಂದೆ ಸರಿದಿರುತ್ತಾನಾದ್ದರಿಂದ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ದಿನಕ್ಕೆರಡು ಉಬ್ಬರ ಬರುವ ಕರಾವಳಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸರಾಸರಿ 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ.

ಪ್ರಶ್ನೆ: ಅಲೆ ತಡೆಗೋಡೆ ಕಟ್ಟಿದರೆ ಈ ಕಾಯುವಿಕೆ ತಪ್ಪುವುದಿಲ್ಲವೇ?

ಉತ್ತರ: ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಗೋಡೆ ಅಲೆಯನ್ನು ತಡೆದಂತೆ ಮರಳಿನ ಸಾಗಾಟವನ್ನೂ ತಡೆಯುತ್ತದೆ; ಒಂದು ಮಗ್ಗುಲಲ್ಲಿ ಮರಳು ಪೇರಿದರೆ ಇನ್ನೊಂದು ಮಗ್ಗುಲಿನ ದಡ ಕೊರೆಯುತ್ತದೆ. ಹೂಳೆತ್ತುವ ಕೆಲಸವೂ ಮುಗಿಯುವುದಿಲ್ಲ.

ಪ್ರಶ್ನೆ: ನೀರು ಏರಿಳಿದರೂ ದಕ್ಕೆಗೆ ಕಟ್ಟಿದ ದೋಣಿಯ ಹಗ್ಗ ಹರಿಯುವುದಿಲ್ಲವೇಕೆ?

ಉತ್ತರ: ಗಿಡ್ಡ ಹಗ್ಗದಿಂದ ನೇರಕ್ಕೆ ಬಿಗಿದರೆ ಖಂಡಿತ ಹರಿಯುತ್ತದೆ, ಇಲ್ಲವೇ ಇಳಿತದಲ್ಲಿ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಆದ್ದರಿಂದಲೇ ಉದ್ದನೆಯ ಹಗ್ಗಗಳನ್ನು ಹಿಂದೆ ಮುಂದೆ ದೂರದ ಗೂಟಗಳಿಗೆ ಓರೆಯಾಗಿ ಕಟ್ಟುತ್ತಾರೆ. ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ಕಡೆ ನೀರಿನ ಏರಿಳಿತ ಅರ್ಧ ಮೀಟರನ್ನೂ ಮುಟ್ಟದ ಕಾರಣ ಅಲ್ಲಿ ಈ ಚಿಂತೆ ಕಡಿಮೆ. ಕೆನಡಾದ ಫಂಡಿ ಕೊಲ್ಲಿಯಲ್ಲಾದರೋ ಅದು ಸುಮಾರು 16 ಮೀಟರ್‌ವರೆಗೂ ಹೋಗುವುದರಿಂದ, ಇಳಿತದ ವೇಳೆ ಕೆಲವು ಬಂದರುಗಳಲ್ಲಿ ದೋಣಿಗಳು ದಕ್ಕೆಯ ಬುಡದ ನೆಲದ ಮೇಲೆಯೇ ಕುಳಿತಿರುತ್ತವೆ.