ಅಂಗುಳು ಅಗಲಿಸುವ ಸಾಧನ: ಮುಂಬಲ್ಲುಗಳ ನಡುವಿನ ಸಂದಿಗೆ ಹೆದರಬೇಡಿ

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ಮಗಳ ಮೇಲ್ದವಡೆ ಕಿರಿದಾಗಿದೆ ಎಂದು ಹುಬ್ಬಳ್ಳಿಯ ಆರ್ಥೊಡಾಂಟಿಸ್ಟ್ (ವಕ್ರದಂತ ತಜ್ಞರು) ಹತ್ತು ದಿನಗಳ ಹಿಂದೆ ಅಂಗುಳಿಗೆ ಎಕ್ಸ್‌ಪ್ಯಾಂಡರ್ ಕೂರಿಸಿದ್ದಾರೆ. ದಿನಕ್ಕೊಮ್ಮೆ ಕೀಲಿ ತಿರುಗಿಸಬೇಕು. ನಡುವೆ ಒಂದು ದಿನ ಮರೆತೆ. ಈಗ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿದ್ದಿದೆ, ಮಾತು ತೊದಲುತ್ತದೆ, ಜೊಲ್ಲು ಹೆಚ್ಚಾಗಿದೆ. ತಪ್ಪಿದ ದಿನದ ಲೆಕ್ಕವನ್ನು ಎರಡು ಸಲ ತಿರುಗಿಸಿ ಸರಿದೂಗಿಸಬಹುದೆ? ಅಜ್ಜಿ ಮಾಡಿಟ್ಟಿರುವ ತೊಡದೇವು ಕೊಡಬಹುದೆ? – ಓದುಗರು, ಶಿರಸಿ

ಉತ್ತರ: ಸಂದು ಬಿದ್ದಿದೆ ಎಂದರೆ ಸಾಧನ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಮೇಲ್ದವಡೆ ಒಂದೇ ಎಲುಬಿನಂತೆ ಕಂಡರೂ ಎಡ ಮತ್ತು ಬಲದ ಎರಡು ಎಲುಬುಗಳು ಅಂಗುಳಿನ ನಡುಗೆರೆಯಲ್ಲಿ ಕೂಡಿ ಅದು ಆಗಿರುತ್ತದೆ. ಮಗಳ ವಯಸ್ಸಿನಲ್ಲಿ ಆ ಬೆಸುಗೆ ಇನ್ನೂ ಬಿಗಿಯಾಗಿರುವುದಿಲ್ಲವಾದ್ದರಿಂದ ಸಾಧನದ ನಡುವಿನ ಸ್ಕ್ರೂವಿನ ಒತ್ತಡಕ್ಕೆ ಎರಡೂ ಭಾಗಗಳು ನಿಧಾನವಾಗಿ ದೂರ ಸರಿಯುತ್ತವೆ, ಅವುಗಳ ಜೊತೆ ಮುಂಬಲ್ಲುಗಳೂ ಸರಿಯುತ್ತವೆ. ಒಂದು ಸಲ ಕೀಲಿ ತಿರುಗಿಸಿದರೆ ಸಾಮಾನ್ಯವಾಗಿ ಸುಮಾರು ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಹಲ್ಲುಗಳ ನಡುವಿನ ಸಂದು ಹೆಚ್ಚುಕಡಿಮೆ ಸ್ಕ್ರೂ ಒಟ್ಟು ಅಗಲವಾದುದರ ಅರ್ಧದಷ್ಟಿರುತ್ತದೆ. 1860ರಷ್ಟು ಹಿಂದೆಯೇ ಅಮೆರಿಕದ ಎಮರ್ಸನ್ ಏಂಜೆಲ್ ಎಂಬ ದಂತವೈದ್ಯರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಇಂಥ ಸ್ಕ್ರೂ ಕೂರಿಸಿ ಎರಡು ವಾರಗಳಲ್ಲಿ ಇದೇ ಸಂದನ್ನು ಕಂಡಿದ್ದರು. ಆ ಕಾಲದ ಸಹವೈದ್ಯರಲ್ಲಿ ಹಲವರು ಅದನ್ನು ನಂಬಲಿಲ್ಲ. ತಿರುಗಿಸುವುದು ನಿಂತ ಮೇಲೆ, ಕೆಲವು ತಿಂಗಳಲ್ಲಿ, ಈ ಸಂದು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕನ್ನಡಿ ನೋಡಿ ಅಳುವ ಮಗಳಿಗೆ ಇದನ್ನು ಮೊದಲೇ ತಿಳಿಸಿರಿ.

ಮರೆತ ದಿನಕ್ಕಾಗಿ ನೀವಾಗಿ ಎರಡು ಸಲ ತಿರುಗಿಸಬೇಡಿ. ಆ ದಿನವನ್ನು ಬಿಟ್ಟು ಎಂದಿನಂತೆ ಮುಂದುವರಿಸಿ, ವೈದ್ಯರಿಗೆ ಫೋನಿನಲ್ಲಿ ತಿಳಿಸಿದರೆ ಸಾಕು. ತಿರುಗಿಸಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು, ಏಕೆಂದರೆ ಎಷ್ಟು ಸಲ ಆಯಿತೆಂಬುದನ್ನು ನೋಡಿಯೇ ಅವರು ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಾರೆ.

ಕೈ ನಡುಗುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನ ಪಾಲು ತಪ್ಪು ಬೆಳಕಿನ ಕೊರತೆಯಿಂದಲೇ ಆಗುತ್ತದೆ. ಮಗಳನ್ನು ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಕೀಲಿಗೆ ಉದ್ದನೆಯ ದಾರ ಕಟ್ಟಿ, ಅದರ ತುದಿಯನ್ನು ನಿಮ್ಮ ಕೈಗೆ ಸುತ್ತಿಕೊಳ್ಳಿ. ಸ್ಕ್ರೂವಿನ ಮುಂಭಾಗದಲ್ಲಿ ಕಾಣುವ ತೂತಿಗೆ ಕೀಲಿ ಸೇರಿಸಿ, ಮುಂದಿನ ಬಾರಿಯ ತೂತು ಪೂರ್ತಿ ಕಾಣುವವರೆಗೆ ಗಂಟಲಿನ ಕಡೆಗೆ ತಳ್ಳಬೇಕು. ಕೀಲಿಯನ್ನು ಮುಂದಕ್ಕೆ ಎಳೆದು ತೆಗೆದರೆ ತಿರುಗಿಸಿದ್ದು ವಾಪಸಾಗುತ್ತದೆ, ಆದ್ದರಿಂದ ಹಿಂದಕ್ಕೆ ಮತ್ತು ಕೆಳಕ್ಕೆ ಜಾರಿಸಿ ತೆಗೆಯಿರಿ. ಆಗ ಮೂಗಿನ ಬುಡದಲ್ಲಿ, ಕೆನ್ನೆಯಲ್ಲಿ ಒತ್ತಿದಂತಾಗುವುದು ಸಹಜ. ಅದು ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ. ನೋವು ಗಂಟೆಗಟ್ಟಲೆ ಉಳಿದರೆ, ಅಂಗುಳು ಬಾತರೆ, ಅಥವಾ ಸಾಧನವನ್ನು ದವಡೆ ಹಲ್ಲಿಗೆ ಹಿಡಿದಿಡುವ ಬ್ಯಾಂಡ್ (ಲೋಹದ ಪಟ್ಟಿ) ಅಲುಗಾಡಿದರೆ ಕೀಲಿ ಮುಟ್ಟದೆ ವೈದ್ಯರನ್ನು ಸಂಪರ್ಕಿಸಿ. ಹುಬ್ಬಳ್ಳಿಗೆ ಹೋಗಿ ಬರಲು ಒಂದು ದಿನವೇ ಹಿಡಿಯುವುದರಿಂದ, ಸಡಿಲವಾದುದನ್ನು ಕಂಡ ದಿನವೇ ಫೋನ್ ಮಾಡಿ.

ಮಾತು ಮತ್ತು ಜೊಲ್ಲು ಒಂದೆರಡು ವಾರಗಳಲ್ಲಿ ಸರಿಹೋಗುತ್ತವೆ; ಗಟ್ಟಿಯಾಗಿ ಓದುವ ಅಭ್ಯಾಸ ನೆರವಾಗುತ್ತದೆ.

ಶುಚಿತ್ವದಲ್ಲಿ ಮಾತ್ರ ಉದಾಸೀನ ಬೇಡ. ಸ್ಕ್ರೂ ಮತ್ತು ಅಂಗುಳಿನ ನಡುವೆ ಅನ್ನದಗುಳು ಸಿಲುಕಿ ಕೊಳೆತರೆ ಬಾಯಿ ನಾರುತ್ತದೆ, ಒಸಡು ಕೆಂಪಾಗುತ್ತದೆ. ಪ್ರತಿ ಊಟದ ನಂತರ ಸೂಜಿ ತೆಗೆದ ಸಿರಿಂಜಿನಿಂದ ಉಗುರು ಬೆಚ್ಚಗಿನ ನೀರು ಹಾಯಿಸಿ, ಬ್ಯಾಂಡುಗಳ ಅಂಚನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಿಸಿ. ಅಗಲಿಸಿದ ಮೇಲೆ ಹೊಸ ಎಲುಬು ತುಂಬಿಕೊಳ್ಳಲೆಂದು ಸಾಧನ ಇನ್ನೂ ಮೂರರಿಂದ ಆರು ತಿಂಗಳು ಬಾಯಲ್ಲೇ ಉಳಿಯುವುದರಿಂದ ಈ ರೂಢಿ ಆಗಲೇಬೇಕು.

ಊಟದಲ್ಲಿ ಗಂಜಿ, ತಂಬುಳಿ ಅನ್ನ, ತೆಳ್ಳೇವು ನಿಶ್ಚಿಂತೆಯಿಂದ ಕೊಡಿ. ಹಲಸಿನ ಹಪ್ಪಳ, ಚಿಕ್ಕಿ, ಕಬ್ಬು, ಇಡೀ ಗೇರುಬೀಜ ಸಾಧನ ತೆಗೆಯುವವರೆಗೆ ಬೇಡ. ಬ್ಯಾಂಡಿನ ಸಿಮೆಂಟ್ ಬಿಡಿಸುವುದು ಇಂಥವೇ. ಕಾಗದದಷ್ಟು ತೆಳುವಾದ ತೊಡದೇವು ಗಟ್ಟಿಯಲ್ಲದಿದ್ದರೂ ಒಣದಾಗಿ ತಿಂದರೆ ಅದರ ಚೂರು ಅಂಗುಳಿಗೆ ಅಂಟಿಕೊಳ್ಳುತ್ತದೆ. ಬಿಸಿ ಹಾಲು, ತುಪ್ಪ ಹಾಕಿ ಚೆನ್ನಾಗಿ ನೆನೆಸಿ ಕೊಡಿ, ಕೂಡಲೇ ಸಿರಿಂಜಿನಿಂದ ನೀರು ಹಾಯಿಸಿ.